ಸೀನಿದ ಫೆರೆಟ್ ಮತ್ತು ಸೂರತ್ತಿನ ಹುಡುಗರು

1918ರಲ್ಲಿ ಮಳೆ ಗುಜರಾತಿಗೆ ಕೈಕೊಟ್ಟಿತ್ತು. ಪೈರು ಒಣಗಿತ್ತು, ಕಾಳಿನ ಬೆಲೆ ಏರಿತ್ತು. ಅದರ ಬೆನ್ನಿಗೇ ಫ್ಲೂ ಜ್ವರ ಬಂತು. ಜೂನ್ ತಿಂಗಳಲ್ಲಿ ಮುಂಬೈಯ ಪೊಲೀಸರಲ್ಲಿ ಕೆಲವರನ್ನು ಮಲಗಿಸಿ ಬೇಗ ಅಡಗಿದ್ದ ಜ್ವರ ಸೆಪ್ಟೆಂಬರಿನಲ್ಲಿ ಇನ್ನೂ ಕ್ರೂರವಾಗಿ ಮರಳಿತು. ಅಕ್ಟೋಬರ್ 6ರ ಒಂದೇ ದಿನ ಮುಂಬೈ ನಗರದಲ್ಲಿ 768 ಸಾವು ದಾಖಲಾದವು. ಹೆದರಿ ಊರಿಗೆ ರೈಲು ಹತ್ತಿದವರ ಜೊತೆ ಜ್ವರವೂ ಹತ್ತಿತು. ಮುಂಬೈಯಿಂದ ಅಹಮದಾಬಾದಿಗೆ ಹೋಗುವ ಆ ಹಳಿಯ ಮೇಲೇ ಸೂರತ್ ಇದೆ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಸೂರತ್ತಿನ ಹಾಗೆ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಸಂಕಟವೂ ಒಂದೇ ಆಗಿತ್ತು. ಭಾರತದಲ್ಲಿ ಸತ್ತವರು ಅಂದಾಜು 1.2 ಕೋಟಿಗೂ ಹೆಚ್ಚು. ನಮ್ಮ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಇಳಿದದ್ದು 1911ರಿಂದ 1921ರ ಆ ಒಂದು ದಶಕದಲ್ಲಿ ಮಾತ್ರ.

ಸೂರತ್ತಿನಲ್ಲಿ ಆಗ ಎರಡು ವಿದ್ಯಾರ್ಥಿ ನಿಲಯಗಳಿದ್ದವು. ನಮ್ಮ ಕಡೆಯ ಪ್ರಸಾದ ನಿಲಯಗಳ ಹಾಗೆ, ಹಳ್ಳಿಯಿಂದ ಓದಲು ಬಂದ ತಮ್ಮ ಸಮುದಾಯದ ಹುಡುಗರಿಗೆ ಅನ್ನ, ಆಸರೆ ಕೊಡಲು ಹುಟ್ಟಿದವು. ಕುಂವರ್‌ಜಿ ಮೆಹ್ತಾ, ಕಲ್ಯಾಣ್‌ಜಿ ಮೆಹ್ತಾ ಸಹೋದರರದು ಪಾಟೀದಾರ್ ಆಶ್ರಮ. ದಯಾಳ್‌ಜಿ ದೇಸಾಯಿಯವರದು ಅನಾವಿಲ್ ಆಶ್ರಮ. ಹತ್ತು ವರ್ಷಗಳ ನಂತರ ಬಾರ್ಡೋಲಿ ಸತ್ಯಾಗ್ರಹದಲ್ಲಿ ವಲ್ಲಭಭಾಯಿ ಪಟೇಲರ ಜೊತೆ ನಿಂತವರಲ್ಲಿ ಮೆಹ್ತಾ ಸಹೋದರರೂ ಇದ್ದರು. ಜ್ವರ ಬಂದಾಗ ಹುಡುಗರನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡಿದ್ದರೆ ಯಾರೂ ದೂರುತ್ತಿರಲಿಲ್ಲ. ಇವರು ಬಾಗಿಲು ತೆರೆದರು. ಉಚಿತ ಔಷಧದ ಏರ್ಪಾಡು ಮಾಡಿ, ತರುಣರನ್ನು ಸೂರತ್ ಜಿಲ್ಲೆಯ ಹಳ್ಳಿಗಳಿಗೆ, ಆದಿವಾಸಿಗಳ ಗುಡಿಸಲುಗಳವರೆಗೆ ಕಳಿಸಿದರು. ಔಷಧ ಮುಟ್ಟಿಸುವುದು, ಲಸಿಕೆ ಹಾಕಿಸುವುದು ಆ ತಂಡಗಳ ಕೆಲಸ.

ಲಸಿಕೆ ಎಂದ ಕೂಡಲೇ ಒಂದು ಪ್ರಶ್ನೆ ಏಳಬೇಕು. ಯಾವ ರೋಗಾಣುವಿನ ವಿರುದ್ಧದ ಲಸಿಕೆ? ಫ್ಲೂ ತರುವುದು ಯಾವುದೆಂದು ಆಗ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದೆ ಎಂದು ವೈದ್ಯಲೋಕ ನಂಬಿತ್ತು, ಅಷ್ಟೆ.

ತಪ್ಪು ಆರೋಪಿ

ಆ ನಂಬಿಕೆಯ ಮೂಲ 1892. ಜರ್ಮನಿಯ ರಿಚರ್ಡ್ ಫೈಫರ್ ಅದಕ್ಕೆ ಮುಂಚಿನ ಜಾಗತಿಕ ಫ್ಲೂ ಪಿಡುಗಿನ ರೋಗಿಗಳ ಕಫದಲ್ಲಿ ಒಂದು ಪುಟ್ಟ ಬ್ಯಾಕ್ಟೀರಿಯಾ ಕಂಡಿದ್ದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣುವ ಜೀವಿ, ರೋಗಿಯ ಗಂಟಲಲ್ಲೇ ಸಿಕ್ಕಿದ್ದು. ಅಪರಾಧಿ ಅದೇ ಎಂದು ಘೋಷಣೆಯಾಯಿತು. ಆದರೆ 1918ರಲ್ಲಿ ಸಾವಿರಾರು ರೋಗಿಗಳ ಕಫ ನೋಡಿದಾಗ ಫೈಫರ್‌ನ ಬ್ಯಾಕ್ಟೀರಿಯಾ ಕೆಲವರಲ್ಲಿ ಇತ್ತು, ಕೆಲವರಲ್ಲಿ ಇರಲಿಲ್ಲ. ಸತ್ತವರ ಶ್ವಾಸಕೋಶದಲ್ಲೂ ಅದೇ ಗೊಂದಲ. ಎಲ್ಲ ಕಳವಿನಲ್ಲೂ ಸಿಗದ ಕಳ್ಳನನ್ನು ಕಳ್ಳನೆನ್ನುವುದು ಹೇಗೆ?

ಸಂಶಯಪಟ್ಟವರಿಗೆ ಒಂದು ಸಾಧನ ಇತ್ತು: ಬ್ಯಾಕ್ಟೀರಿಯಾಗಳನ್ನು ತಡೆದು ದ್ರವವನ್ನು ಕೆಳಗೆ ಬಿಡುವಷ್ಟು ಸಣ್ಣ ರಂಧ್ರಗಳ ಪಿಂಗಾಣಿ ಸೋಸುಕ. ಸೋಸಿದ ಮೇಲೂ ದ್ರವ ರೋಗ ತಂದರೆ ಅದರಲ್ಲಿರುವುದು ಬ್ಯಾಕ್ಟೀರಿಯಾಕ್ಕಿಂತ ಸಣ್ಣದು, ಈಗ ನಾವು ವೈರಸ್ ಎನ್ನುವಂಥದ್ದು. 1918ರಲ್ಲೇ ಟ್ಯೂನಿಸ್‌ನಲ್ಲಿ ಚಾರ್ಲ್ಸ್ ನಿಕೋಲ್ ಮತ್ತು ಚಾರ್ಲ್ಸ್ ಲಬೈಲಿ ರೋಗಿಯ ಕಫವನ್ನು ಹೀಗೆ ಸೋಸಿ ಪ್ರಯೋಗ ಮಾಡಿ, ಫ್ಲೂ ತರುವುದು ಸೋಸುಕದಿಂದ ತಪ್ಪಿಸಿಕೊಳ್ಳುವ ವಸ್ತು ಎಂದು ವರದಿ ಮಾಡಿದರು. ಅವರ ಪ್ರಯೋಗ ತೀರ ಚಿಕ್ಕದಾಗಿದ್ದರಿಂದ ಲೋಕ ಒಪ್ಪಲಿಲ್ಲ.

ಅದೇ ವರ್ಷದ ಕೊನೆಗೆ ಅಮೆರಿಕದ ಬಾಸ್ಟನ್ ಬಳಿಯ ಗ್ಯಾಲಪ್ಸ್ ದ್ವೀಪದಲ್ಲಿ ನೌಕಾಪಡೆಯ 62 ಮಂದಿ ಕೈದಿಗಳು, ಕ್ಷಮಾದಾನದ ಭರವಸೆಯ ಮೇಲೆ, ಪ್ರಯೋಗಕ್ಕೆ ಮೈಯೊಡ್ಡಿದರು. ರೋಗಿಗಳ ಮೂಗು, ಗಂಟಲಿನ ಸ್ರಾವವನ್ನು ಅವರ ಮೂಗಿಗೆ, ಕಣ್ಣಿಗೆ ಹಾಕಿದರು. ರೋಗಿಗಳ ರಕ್ತವನ್ನು ಚುಚ್ಚಿದರು. ಕೊನೆಗೆ ಹಾಸಿಗೆ ಹಿಡಿದ ರೋಗಿಗಳ ಪಕ್ಕ ಕೂರಿಸಿ, ಮುಖದ ಮೇಲೆ ಕೆಮ್ಮಿಸಿದರು. ಒಬ್ಬನಿಗೂ ಫ್ಲೂ ಬರಲಿಲ್ಲ. ಇಡೀ ಜಗತ್ತು ಜ್ವರದಿಂದ ಸಾಯುತ್ತಿತ್ತು. ಪ್ರಯೋಗಶಾಲೆಯಲ್ಲಿ ಮಾತ್ರ ಅದು ಬೇಕೆಂದರೂ ಬರಲಿಲ್ಲ. ಪಿಡುಗು ಇಳಿಯಿತು, ಒಗಟು ಉಳಿಯಿತು.

ಹಂದಿ, ಫೆರೆಟ್, ಮೊಟ್ಟೆ

ಮುಂದಿನ ಸುಳಿವು ಸಿಕ್ಕಿದ್ದು ಹಂದಿಗಳಿಂದ. 1918ರ ಶರತ್ಕಾಲದಲ್ಲಿ ಅಮೆರಿಕದ ಅಯೋವಾದಲ್ಲಿ ಪಶುವೈದ್ಯ ಜೆ.ಎಸ್. ಕೊಯೆನ್ ಒಂದು ವಿಷಯ ಗಮನಿಸಿದ್ದರು: ಮನೆಯ ಜನಕ್ಕೆ ಬಂದ ಜ್ವರವೇ ಹಟ್ಟಿಯ ಹಂದಿಗೂ ಬಂದಿದೆ. ಅದನ್ನು ಹಂದಿಯ ಫ್ಲೂ ಎಂದು ಕರೆದಾಗ ಹಂದಿ ಸಾಕುವವರೇ ಅವರ ಮೇಲೆ ಸಿಟ್ಟಾದರು, ಮಾಂಸದ ವ್ಯಾಪಾರ ಕೆಡುತ್ತದೆಂದು. ಅಯೋವಾದಲ್ಲೇ ಹುಟ್ಟಿ ಬೆಳೆದ ರಿಚರ್ಡ್ ಶೋಪ್ ಆ ಎಳೆ ಹಿಡಿದರು. ಅವರು 1931ರಲ್ಲಿ ಪ್ರಕಟಿಸಿದ ಫಲಿತಾಂಶ ಎರಡು ಪದರಿನದು. ರೋಗದ ಹಂದಿಯ ಸ್ರಾವವನ್ನು ಸೋಸಿ ಕೊಟ್ಟರೆ ಆರೋಗ್ಯವಂತ ಹಂದಿಗೆ ಸಣ್ಣ ಜ್ವರ ಮಾತ್ರ. ಅದರ ಜೊತೆಗೆ ಫೈಫರ್‌ನ ಬ್ಯಾಕ್ಟೀರಿಯಾದ ದಾಯಾದಿಯನ್ನೂ ಸೇರಿಸಿ ಕೊಟ್ಟರೆ ಪೂರ್ತಿ ಉಲ್ಬಣಿಸಿದ ರೋಗ. ವೈರಸ್ ಬಾಗಿಲು ಮುರಿಯುತ್ತದೆ, ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. 1918ರಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೀಗೆ ಹಿಂದಿನಿಂದ ನುಗ್ಗಿದ ನ್ಯುಮೋನಿಯಾ ಎಂದು ಈಗ ವಿಜ್ಞಾನಿಗಳು ಒಪ್ಪುತ್ತಾರೆ.

ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ. ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಈ ಮೂವರ ಮುಂದಿದ್ದ ತೊಡಕು ಪ್ರಾಣಿಯದು. ಮಾಮೂಲಿ ಪ್ರಯೋಗದ ಪ್ರಾಣಿಗಳಿಗೆ ಮನುಷ್ಯರ ಫ್ಲೂ ಹತ್ತುತ್ತಿರಲಿಲ್ಲ. ಹತ್ತಿರದ ಮಿಲ್ ಹಿಲ್‌ನಲ್ಲಿ ಲೇಡ್ಲಾ ನಾಯಿಗಳ ಡಿಸ್ಟೆಂಪರ್ ರೋಗಕ್ಕೆ ಲಸಿಕೆ ಹುಡುಕಲು ಫೆರೆಟ್‌ಗಳನ್ನು ಬಳಸಿದ್ದರು. ಫೆರೆಟ್ ನೋಡಲು ನಮ್ಮ ಮುಂಗುಸಿಯಂತೆ ಉದ್ದ ಮೈಯ ಸಣ್ಣ ಪ್ರಾಣಿ. ಆ ಚಳಿಗಾಲ ಫ್ಲೂ ಹಬ್ಬಿತು, ಆಂಡ್ರ್ಯೂಸ್ ಸ್ವತಃ ಮಲಗಿದರು. ಆಂಡ್ರ್ಯೂಸ್ ಗಂಟಲು ಮುಕ್ಕಳಿಸಿದ ನೀರನ್ನು ಸಹೋದ್ಯೋಗಿ ಸ್ಮಿತ್ ತೆಗೆದುಕೊಂಡು, ಸೋಸಿ, ಫೆರೆಟ್‌ಗಳ ಮೂಗಿಗೆ ಹನಿಸಿದರು. ಎರಡು ದಿನ ಕಳೆಯಿತು. ಫೆರೆಟ್‌ಗಳ ಕಣ್ಣಲ್ಲಿ ನೀರು, ಮೂಗಲ್ಲಿ ಸುರಿತ, ಮೈ ಬಿಸಿ, ಸೀನು. ಹದಿನೈದು ವರ್ಷ ತಪ್ಪಿಸಿಕೊಂಡಿದ್ದದ್ದು ಕೊನೆಗೆ ಕೈಗೆ ಸಿಕ್ಕಿತ್ತು. ಜುಲೈ 8ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಅಚ್ಚಾಯಿತು. 1936ರಲ್ಲಿ ರೋಗದ ಫೆರೆಟ್ ಒಂದು ಚಾರ್ಲ್ಸ್ ಸ್ಟುವರ್ಟ್-ಹ್ಯಾರಿಸ್ ಎಂಬ ತರುಣ ವೈದ್ಯರ ಮುಖಕ್ಕೇ ಸೀನಿತು. ಅವರಿಗೆ ಫ್ಲೂ ಬಂತು. ಅವರ ಗಂಟಲಿನಿಂದ ಅದೇ ವೈರಸ್ ಮರಳಿ ಸಿಕ್ಕಾಗ ಉಳಿದ ಸಂಶಯವೂ ಕಳೆಯಿತು.

ಇನ್ನೊಂದು ಮಹತ್ವದ ಕಾಣ್ಕೆ ಆಕಸ್ಮಿಕ. 1941ರಲ್ಲಿ ನ್ಯೂಯಾರ್ಕಿನ ಜಾರ್ಜ್ ಹರ್ಸ್ಟ್ ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿದ ವೈರಸ್ಸನ್ನು ಹೊರತೆಗೆಯುವಾಗ ರಕ್ತನಾಳ ಹರಿದು ರಕ್ತ ದ್ರವಕ್ಕೆ ಬೆರೆಯಿತು. ಕೆಂಪು ರಕ್ತಕಣಗಳು ಗುಂಪುಗಟ್ಟಿ ಗರಣೆಗಟ್ಟಿದವು. ವೈರಸ್ಸಿನ ಮೈಮೇಲೆ ಕಣಗಳಿಗೆ ಅಂಟಿಕೊಳ್ಳುವ ಒಂದು ಮುಳ್ಳು ಇದೆ ಎಂದಾಯಿತು. ಸ್ವಲ್ಪ ಹೊತ್ತಿಗೆ ಅಂಟು ಬಿಟ್ಟುಕೊಳ್ಳುವುದನ್ನೂ ಅವರು ಕಂಡರು. ಬಿಡಿಸಿಕೊಳ್ಳುವ ಇನ್ನೊಂದು ಅಂಗವೂ ಇರಬೇಕಾಯಿತು. ಇಂದು ಪತ್ರಿಕೆಗಳಲ್ಲಿ ಎಚ್1ಎನ್1 ಎಂದು ಓದುತ್ತೇವಲ್ಲ, ಅದರ ‘ಎಚ್’ ಆ ಅಂಟುವ ಮುಳ್ಳು, ‘ಎನ್’ ಆ ಬಿಡಿಸುವ ಅಂಗ. ವೈದ್ಯರು ಈಗ ಕೊಡುವ ಒಸೆಲ್ಟಮಿವಿರ್ ಗುಳಿಗೆ ಹಿಡಿದು ನಿಲ್ಲಿಸುವುದು ಇದೇ ‘ಎನ್’ ಅನ್ನು. ಅದಕ್ಕೇ ಜ್ವರ ಬಂದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ. ವೈರಸ್ ಉಸಿರಾಟದ ದಾರಿಯಲ್ಲೆಲ್ಲ ಹರಡಿದ ಮೇಲೆ ಗುಳಿಗೆಯ ಕೆಲಸ ಕಮ್ಮಿ.

ಸೂರತ್ತಿನ ಹುಡುಗರು ಎದುರಿಸಿದ ವೈರಸ್ ಯಾವುದೆಂಬ ಪೂರ್ತಿ ಉತ್ತರ ಸಿಗಲು 2005 ಆಗಬೇಕಾಯಿತು. ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯಲ್ಲಿ 1918ರ ನವೆಂಬರಿನ ಐದು ದಿನಗಳಲ್ಲಿ 80 ವಯಸ್ಕರ ಪೈಕಿ 72 ಮಂದಿ ಸತ್ತಿದ್ದರು. ಹಿಮಗಟ್ಟಿದ ನೆಲದಲ್ಲಿ ಹೂತಿದ್ದ ಅವರಲ್ಲಿ ಒಬ್ಬ ಹೆಣ್ಣುಮಗಳ ಶ್ವಾಸಕೋಶದ ತುಣುಕನ್ನು 1997ರಲ್ಲಿ, ಹಳ್ಳಿಯವರ ಒಪ್ಪಿಗೆ ಪಡೆದು, ಯೋಹಾನ್ ಹುಲ್ಟಿನ್ ತಂದರು. ಅವರಿಗೆ ಆಗ ವಯಸ್ಸು 72. 1951ರಲ್ಲೂ ಅಲ್ಲಿಗೇ ಹೋಗಿ ವಿಫಲರಾಗಿ ಮರಳಿದ್ದವರು. ಆ ತುಣುಕು ಮತ್ತು ಅಮೆರಿಕದ ಸೇನೆಯ ರೋಗಶಾಸ್ತ್ರ ಸಂಸ್ಥೆಯಲ್ಲಿ ಉಳಿದಿದ್ದ ಅಂಗಾಂಶಗಳಿಂದ ಜೆಫ್ರಿ ಟೌಬೆನ್‌ಬರ್ಗರ್ ತಂಡ 1918ರ ವೈರಸ್ಸಿನ ಜೀನುಗಳನ್ನು ಪೂರ್ತಿ ಓದಿ ಮುಗಿಸಿತು. ಅದು ಎಚ್1ಎನ್1. ಇಂದು ನಮ್ಮ ಮಕ್ಕಳಿಗೆ ಬರುವ ಎಚ್1ಎನ್1 ಜ್ವರ ಅದೇ ವಂಶದ ಕುಡಿ.

ಒಬ್ಬ ಹುಡುಗ, ಮುನ್ನೂರು ಹಾಸಿಗೆ

1933ರಲ್ಲಿ ವೈರಸ್ ಕೈಗೆ ಸಿಕ್ಕ ಮೇಲೂ ಅದು ಹಾಸ್ಟೆಲಿನಲ್ಲಿ, ಮಕ್ಕಳ ಶಿಬಿರದಲ್ಲಿ ಹೇಗೆ ಓಡುತ್ತದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಉತ್ತರ 1978ರಲ್ಲಿ ಉತ್ತರ ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯಿಂದ ಬಂತು. ರಜೆ ಮುಗಿಸಿ ಹಾಂಗ್‌ಕಾಂಗ್‌ನಿಂದ ಮರಳಿದ ಒಬ್ಬ ಹುಡುಗನಿಗೆ ಸಣ್ಣ ಜ್ವರ. ಜನವರಿ 22ಕ್ಕೆ ಮೂವರು ಹಾಸಿಗೆ ಹಿಡಿದಿದ್ದರು. ಐದೇ ದಿನದಲ್ಲಿ ಹಾಸಿಗೆಯಲ್ಲಿದ್ದವರು ಮುನ್ನೂರರ ಹತ್ತಿರ. ಎರಡು ವಾರ ಮುಗಿಯುವಷ್ಟರಲ್ಲಿ 763 ಹುಡುಗರಲ್ಲಿ 512 ಮಂದಿ ಮಲಗಿ ಎದ್ದಿದ್ದರು. ಅಲ್ಲಿದ್ದ ಸುಮಾರು 130 ದೊಡ್ಡವರಲ್ಲಿ ಜ್ವರ ಬಂದದ್ದು ಒಬ್ಬರಿಗೆ ಮಾತ್ರ. ಆ ಎಚ್1ಎನ್1 ವೈರಸ್ಸಿನ ಬಳಗ 1957ರವರೆಗೆ ಓಡಾಡಿ ಮರೆಯಾಗಿ, 1977ರಲ್ಲಿ ಮರಳಿತ್ತು. ದೊಡ್ಡವರ ರಕ್ತಕ್ಕೆ ಅದರ ಪರಿಚಯ ಇತ್ತು, ಹುಡುಗರ ರಕ್ತಕ್ಕೆ ಇರಲಿಲ್ಲ.

ಶಿಬಿರ ನಡೆಸುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಮೂರು ಇದ್ದದ್ದು ಮುನ್ನೂರಾಗಲು ಐದು ದಿನ ಸಾಕು; ನಮಗಿರುವ ಅವಕಾಶ ಮೊದಲ ಎರಡು ದಿನ. ಫ್ಲೂ ಬಂದ ಮಗು ಜ್ವರ ಕಾಣಿಸುವ ಒಂದು ದಿನ ಮುಂಚೆಯೇ ಬೇರೆಯವರಿಗೆ ಹಂಚಲು ಶುರು ಮಾಡಿರುತ್ತದೆ. ಅದಕ್ಕೇ ಮೊದಲ ಕೆಮ್ಮಿಗೇ ಎಚ್ಚರವಾಗಬೇಕು. 2015ರ ಫೆಬ್ರವರಿಯಲ್ಲಿ ಎಚ್1ಎನ್1 ಗುಜರಾತಿನಲ್ಲಿ ಜೋರಾಗಿ ಹಬ್ಬಿದಾಗ ಅಹಮದಾಬಾದಿನಲ್ಲಿ ಜನ ಗುಂಪುಗೂಡುವುದನ್ನೇ ನಿಷೇಧಿಸಬೇಕಾಯಿತು. ಊರಿಗೇ ಹಬ್ಬಿದ ಮೇಲೆ ಮಾಡುವ ಕೆಲಸ ಅದು. ಶಿಬಿರದಲ್ಲಿ ಅದಕ್ಕಿಂತ ಎಷ್ಟೋ ಮೊದಲೇ, ಎಷ್ಟೋ ಸುಲಭವಾಗಿ ತಡೆಯಬಹುದು.

ಹಾಗಾದರೆ 1918ರಲ್ಲಿ ಸೂರತ್ತಿನ ಹುಡುಗರು ಹೊತ್ತು ತಿರುಗಿದ ಲಸಿಕೆ ವ್ಯರ್ಥವೇ? ಫ್ಲೂ ವೈರಸ್ಸನ್ನು ತಡೆಯುವ ಲಸಿಕೆ ಆಗ ಜಗತ್ತಿನಲ್ಲೇ ಇರಲಿಲ್ಲ. ಆ ಕಾಲದ ಬ್ಯಾಕ್ಟೀರಿಯಾ ಲಸಿಕೆಗಳ ಹಳೆಯ ದಾಖಲೆಗಳನ್ನು 2010ರಲ್ಲಿ ಮತ್ತೆ ತೂಗಿ ನೋಡಿದ ವಿಜ್ಞಾನಿಗಳು, ಅವುಗಳಲ್ಲಿ ಕೆಲವು ಹಿಂದಿನಿಂದ ನುಗ್ಗುವ ನ್ಯುಮೋನಿಯಾವನ್ನು ಒಂದಿಷ್ಟು ತಡೆದಿರಬಹುದು ಎಂದರು. ಆದರೆ ಆ ಹುಡುಗರ ಕೆಲಸವನ್ನು ನಾನು ಲಸಿಕೆಯಿಂದ ಅಳೆಯುವುದಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ ಗುಡಿಸಲಿನಲ್ಲಿ ಜ್ವರಕ್ಕಿಂತ ಮುಂಚೆ ಬಾಯಾರಿಕೆ, ಹಸಿವು ಕೊಲ್ಲುತ್ತವೆ. ಅಂಥ ಬಾಗಿಲಿಗೆ ಒಬ್ಬ ಆರೋಗ್ಯವಂತ ತರುಣ ಬಂದು ನಿಂತರೆ ಉಳಿಯುವ ಜೀವಗಳಿಗೆ ಲೆಕ್ಕವಿಲ್ಲ. ವಿಜ್ಞಾನಿಗಳು ಹದಿನೈದು ವರ್ಷ ಹುಡುಕಿ ವೈರಸ್ ಕಂಡರು. ಪಕ್ಕದಲ್ಲಿ ನಿಲ್ಲುವುದೂ ಔಷಧ ಎಂಬುದನ್ನು ಸೂರತ್ತಿನ ಹುಡುಗರು ಆ ವಾರಗಳಲ್ಲೇ ಕಂಡುಕೊಂಡಿದ್ದರು. ಎರಡೂ ಕಾಣ್ಕೆಗಳು ನಮಗೆ ಬೇಕು.

ಈ ಬೇಸಿಗೆಗೆ ಮಕ್ಕಳ ಶಿಬಿರ ಕಟ್ಟುತ್ತಿರುವವರಲ್ಲಿ ನನ್ನ ಬಿನ್ನಹ ಇಷ್ಟು. ಗಾಳಿ ಆಡುವ ಒಂದು ಕೋಣೆಯನ್ನು ಮೊದಲ ದಿನದಿಂದ ಖಾಲಿ ಇಡಿ. ಜ್ವರದ ಮಗುವನ್ನು ಆ ಹೊತ್ತೇ ಅಲ್ಲಿ ಮಲಗಿಸಿ, ಅಪ್ಪ ಅಮ್ಮನಿಗೆ ಫೋನ್ ಮಾಡಿ, ವೈದ್ಯರಿಗೆ ತೋರಿಸಿ. ಆಸ್ಪಿರಿನ್ ಕೊಡಲೇಬೇಡಿ, ಫ್ಲೂ ಬಂದ ಮಕ್ಕಳಿಗೆ ಅದು ಮಿದುಳು, ಯಕೃತ್ತುಗಳನ್ನು ಕೆಡಿಸುವ ಅಪಾಯ ಇದೆ. ಮಗು ಏದುಸಿರು ಬಿಡುತ್ತಿದ್ದರೆ, ನೀರು ಕುಡಿಯದಿದ್ದರೆ, ಇಳಿದ ಜ್ವರ ಮತ್ತೆ ಏರಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಗುಳಿಗೆಯಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ ಮಗು ಗುಂಪಿಗೆ ಮರಳಬಾರದು. ಮಲಗಿದ ಮಗುವಿನ ಬಳಿ, ಮಾಸ್ಕ್ ಹಾಕಿಕೊಂಡು, ಕೈ ತೊಳೆದು, ಒಬ್ಬರು ದೊಡ್ಡವರು ಇರಲಿ. ಆ ಮಗು ಒಂಟಿಯಾಗಬಾರದು.