ವಾರಕ್ಕೊಂದು ಕಂತು, ಕಂತಿಗೊಂದು ವಿಮರ್ಶೆ

ಜಪಾನಿನ ಅನಿಮೆ ಸರಣಿಯನ್ನು ಇಡಿಯಾಗಿ ನೋಡಿ ಮುಗಿಸಿ ಅಭಿಪ್ರಾಯ ಹೇಳುವುದು ಒಂದು ಬಗೆ. ವಾರವಾರ ಬರುವ ಒಂದೊಂದೇ ಕಂತನ್ನು ನೋಡಿ, ಮುಂದಿನದು ಬರುವುದರೊಳಗೆ ಅದರ ಗುಣದೋಷ ತೂಗುವುದು ಇನ್ನೊಂದು ಬಗೆ. ಎರಡನೆಯದು ಮೇಲ್ನೋಟಕ್ಕೆ ಅವಸರದ ಕೆಲಸ; ಕಥೆ ಮುಗಿಯುವ ಮೊದಲೇ ತೀರ್ಪು ಯಾಕೆ ಎಂದು ಯಾರಾದರೂ ಕೇಳಬಹುದು. ಆದರೆ ಅನಿಮೆಯ ಮಟ್ಟಿಗೆ ಈ ರೂಢಿಗೆ ಗಟ್ಟಿ ಆಧಾರವಿದೆ. ಒಂದು ಸರಣಿಯ ಎಲ್ಲ ಕಂತುಗಳೂ ಒಂದೇ ಕೈಯಲ್ಲಿ ಆದವಲ್ಲ. ಕಂತಿನಿಂದ ಕಂತಿಗೆ ನಿರ್ದೇಶಕರು ಬದಲಾಗುತ್ತಾರೆ, ಚಿತ್ರ ಬರೆಯುವ ತಂಡ ಬದಲಾಗುತ್ತದೆ, ಕೆಲವು ಸಲ ಸ್ಟುಡಿಯೋ ಕೂಡ ಬೇರೆಯಾಗಿರುತ್ತದೆ. ಹಾಗಾಗಿ ಇಲ್ಲಿ ಕಂತೆಂದರೆ ಕಥೆಯ ಒಂದು ತುಂಡು ಮಾತ್ರವಲ್ಲ, ತನ್ನದೇ ಕರ್ತೃಗಳಿರುವ ಒಂದು ಕೃತಿ.

ಟಿವಿ ಅನಿಮೆಯ ಹುಟ್ಟಿನಲ್ಲೇ ಈ ಗುಣ ಸೇರಿಕೊಂಡಿದೆ. ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ಸಂಸ್ಥೆ ತಯಾರಿಸಿದ ‘ತೆತ್ಸುವಾನ್ ಆಟಮ್’ ಸರಣಿ 1963ರ ಜನವರಿ 1ರಂದು ಫುಜಿ ಟಿವಿಯಲ್ಲಿ ಶುರುವಾಯಿತು. ಹೊರದೇಶಗಳಲ್ಲಿ ಅದೇ ‘ಆಸ್ಟ್ರೋ ಬಾಯ್’. ವಾರಕ್ಕೆ ಅರ್ಧ ಗಂಟೆಯ ಕಾರ್ಟೂನ್ ಒದಗಿಸುವುದು ಆ ಕಾಲಕ್ಕೆ ಹುಚ್ಚು ಸಾಹಸ. ಸೆಕೆಂಡಿಗೆ 24 ಚೌಕಟ್ಟು ಓಡುವ ಫಿಲ್ಮಿಗೆ ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ಬರೆಯುತ್ತ ಕೂತರೆ ವಾರದಲ್ಲಿ ಕಂತು ಮುಗಿಯುವ ಮಾತೇ ಇಲ್ಲ. ಅದಕ್ಕೆ ಒಂದೇ ಚಿತ್ರವನ್ನು ಮೂರು ಚೌಕಟ್ಟಿನವರೆಗೆ ಹಿಡಿದಿಟ್ಟರು. ಪಾತ್ರ ಮಾತಾಡುವಾಗ ಬಾಯಿ ಮಾತ್ರ ಕದಲಿತು. ಒಮ್ಮೆ ಬರೆದ ಹಾರಾಟದ ದೃಶ್ಯವನ್ನು ಜೋಪಾನವಾಗಿ ತೆಗೆದಿಟ್ಟು ಮತ್ತೆ ಮತ್ತೆ ಬಳಸಿದರು. ಇಷ್ಟಾದರೂ ಕೆಲಸ ಸಾಗದೆ 34ನೆಯ ಕಂತನ್ನು ಸ್ಟುಡಿಯೋ ಝೀರೋ ಎಂಬ ಹೊರಗಿನ ತಂಡಕ್ಕೆ ಒಪ್ಪಿಸಿದರು. ಶೋತಾರೋ ಇಶಿನೊಮೊರಿ, ‘ಫುಜಿಕೊ ಫುಜಿಯೊ’ ಜೋಡಿಯಂಥ ಮಾಂಗಾ (ಜಪಾನಿನ ಕಾಮಿಕ್ಸ್) ಕಲಾವಿದರೇ ಕಟ್ಟಿದ ತಂಡ ಅದು. ಒಬ್ಬೊಬ್ಬರೂ ತಮಗೆ ರೂಢಿಯಾದ ಗೆರೆಯಲ್ಲೇ ಕಥಾನಾಯಕ ಆಟಮ್‌ನನ್ನು ಬರೆದದ್ದರಿಂದ ದೃಶ್ಯ ಬದಲಾದಂತೆ ಹುಡುಗನ ಮುಖವೂ ಬದಲಾಗುತ್ತ ಹೋಯಿತು. ತಯಾರಕರ ಪಾಲಿಗೆ ಅದು ತಲೆನೋವು. ಇವತ್ತಿನ ವಿಮರ್ಶಕರಿಗೆ ಮಾತ್ರ ಆ ಕಂತು ಒಳ್ಳೆಯ ಪಾಠ.

ಚಿತ್ರಕಾರರ ಹೆಸರು ಹಿಡಿದು ಮಾತಾಡುವ ಪ್ರೇಕ್ಷಕವರ್ಗ ಬೆಳೆದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. 1974ರಲ್ಲಿ ಬಂದ ‘ಉಚೂ ಸೆನ್‌ಕಾನ್ ಯಾಮಾತೊ’ ಎಂಬ ಅಂತರಿಕ್ಷ ಯುದ್ಧದ ಸರಣಿಗೆ ಅದೇ ಹೊತ್ತಿಗೆ ಬೇರೆ ಚಾನೆಲ್‌ನಲ್ಲಿ ಬರುತ್ತಿದ್ದ ‘ಹೈಡಿ’ ಎದುರಾಳಿಯಾಗಿ, ಪ್ರೇಕ್ಷಕರು ಸಾಲದೆ ಅದನ್ನು 26 ಕಂತಿಗೇ ಮೊಟಕುಗೊಳಿಸಬೇಕಾಯಿತು. ಮರುಪ್ರಸಾರದಲ್ಲಿ ಅದೇ ಯಾಮಾತೊ ಹುಚ್ಚೆಬ್ಬಿಸಿತು. 1978ರಲ್ಲಿ ‘ಅನಿಮೇಜ್’, 1985ರಲ್ಲಿ ‘ನ್ಯೂಟೈಪ್’ ಮಾಸಪತ್ರಿಕೆಗಳು ಬಂದವು. ಪಾತ್ರಗಳ ಜೊತೆಗೆ ಅವನ್ನು ಬರೆದವರೂ ಸುದ್ದಿಯಾದರು.

ಕಂತಿನ ಅಳತೆ ಹೆಚ್ಚುಕಡಿಮೆ ಖಚಿತ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 24 ನಿಮಿಷ. ಆರಂಭಗೀತೆಗೆ ಒಂದೂವರೆ ನಿಮಿಷ, ಅಂತ್ಯಗೀತೆಗೆ ಇನ್ನೊಂದೂವರೆ ನಿಮಿಷ ಹೋಗುತ್ತದೆ. ಕಥೆಗೆ ಸಿಗುವುದು 20ರಿಂದ 21 ನಿಮಿಷ. ಅದೂ ಜಾಹೀರಾತಿನ ಬಿಡುವಿನಿಂದ ಎರಡು ಹೋಳು. ಮೊದಲ ಹೋಳಿನ ಕೊನೆಯಲ್ಲಿ ಸಣ್ಣದೊಂದು ಕುತೂಹಲ, ಎರಡನೆಯದರ ಕೊನೆಯಲ್ಲಿ ಮುಂದಿನ ವಾರದವರೆಗೆ ಕಾಯಿಸುವ ದೊಡ್ಡ ಕುತೂಹಲ. ಜಪಾನಿನ ಟಿವಿ ವರ್ಷ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಎಂದು ನಾಲ್ಕು ಋತುಗಳಲ್ಲಿ ನಡೆಯುತ್ತದೆ. ಒಂದು ಋತುವಿಗೆ ಹನ್ನೆರಡು, ಹದಿಮೂರು ಕಂತು.

ಈ 20 ನಿಮಿಷದ ಹಿಂದಿನ ದುಡಿಮೆಯನ್ನು ತಿಳಿದುಕೊಳ್ಳದೆ ವಿಮರ್ಶೆ ಮುಂದಕ್ಕೆ ಹೋಗುವುದಿಲ್ಲ. ಇಡೀ ಸರಣಿಗೆ ಒಬ್ಬ ನಿರ್ದೇಶಕ, ಕಥೆಯನ್ನು ಕಂತುಗಳಿಗೆ ಹಂಚಿಕೊಡುವ ಒಬ್ಬ ಮುಖ್ಯ ಬರಹಗಾರ ಇರುತ್ತಾರೆ. ಅಲ್ಲಿಂದ ಕೆಳಗೆ ಎಲ್ಲವೂ ಕಂತಿನ ಲೆಕ್ಕ. ಚಿತ್ರಕಥೆ ಬರೆಯುವವರು ಒಬ್ಬರು. ಅದನ್ನು ಸ್ಟೋರಿಬೋರ್ಡ್‌ಗೆ ಇಳಿಸಿ, ಯಾವ ಶಾಟ್ ಎಷ್ಟು ಸೆಕೆಂಡು, ಕ್ಯಾಮೆರಾ ಎಲ್ಲಿ ಎಂದು ಗೊತ್ತುಮಾಡುವವರು ಇನ್ನೊಬ್ಬರು. ಅದರಂತೆ ಕಂತನ್ನು ನಡೆಸಿಕೊಂಡು ಹೋಗುವ ಕಂತಿನ ನಿರ್ದೇಶಕರು ಬೇರೆ. ಒಂದು ಕಂತಿಗೆ ಸಾಮಾನ್ಯವಾಗಿ ಮುನ್ನೂರರ ಆಸುಪಾಸಿನಲ್ಲಿ ಶಾಟ್‌ಗಳಿರುತ್ತವೆ. ಅವುಗಳ ಮುಖ್ಯ ಭಂಗಿಗಳನ್ನು ಹಲವು ಚಿತ್ರಕಾರರು ಹಂಚಿಕೊಂಡು ಬರೆಯುತ್ತಾರೆ. ಎಲ್ಲರ ಗೆರೆಯನ್ನೂ ತಿದ್ದಿ ಪಾತ್ರದ ಮುಖ ಒಂದೇ ಥರ ಕಾಣುವಂತೆ ಮಾಡುವ ಹೊಣೆ ಚಿತ್ರ ಮೇಲ್ವಿಚಾರಕರದು. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಿತ್ರಗಳನ್ನು ತುಂಬುವವರು ಮತ್ತೊಂದು ತಂಡ. ಒಂದು ಕಂತು ಪ್ರಸಾರವಾಗುವಾಗ ಮುಂದಿನ ಹಲವು ಕಂತುಗಳು ಬೇರೆ ಬೇರೆ ಹಂತದಲ್ಲಿ ಒಟ್ಟಿಗೇ ನಡೆಯುತ್ತಿರುತ್ತವೆ. ಈ ಓಡಾಟ, ಗಡುವಿನ ಗೋಳು ಎಲ್ಲವನ್ನೂ ತಮಾಷೆಯಾಗಿ ತೋರಿಸುವ ‘ಶಿರೊಬಾಕೊ’ (2014–15) ಎಂಬ ಅನಿಮೆಯೇ ಇದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪ್ರವೇಶಿಕೆ ಸಿಗುವುದು ಕಷ್ಟ.

ಯಕ್ಷಗಾನದಲ್ಲಿ ಪ್ರಸಂಗ ಅದೇ ಇದ್ದರೂ ಭಾಗವತರು ಬೇರೆಯಾದರೆ ರಾತ್ರಿಯ ಆಟದ ಕಳೆಯೇ ಬೇರೆ. ಸ್ಟೋರಿಬೋರ್ಡ್ ಬರೆದವರು ಬದಲಾದಾಗ ಅನಿಮೆಯ ಕಂತಿನಲ್ಲಿ ಆಗುವುದೂ ಅದೇ. ಆದ್ದರಿಂದ ಅಂತ್ಯಗೀತೆಯ ಮೇಲೆ ಓಡುವ ಹೆಸರುಗಳನ್ನು ದಾಟಿಸಿ ಮುಂದಿನ ಕಂತಿಗೆ ಜಿಗಿಯುವವರು ವಿಮರ್ಶೆಯ ಅರ್ಧ ಸಾಮಗ್ರಿಯನ್ನು ಕಳೆದುಕೊಳ್ಳುತ್ತಾರೆ. ಐದನೆಯ ಕಂತು ಚುರುಕಾಗಿತ್ತು, ಆರನೆಯದು ಜೋಲು ಬಿತ್ತು ಎಂದು ಗೊಣಗುವ ಬದಲು, ಐದನ್ನು ಮಾಡಿದವರು ಮತ್ತೆ ಎಷ್ಟನೆಯದರಲ್ಲಿ ಬರುತ್ತಾರೆ ಎಂದು ನೋಡುವುದು ಹೆಚ್ಚು ಫಲ ಕೊಡುವ ಕೆಲಸ.

ಚಿತ್ರ ಕೆಟ್ಟಿದೆ ಎನ್ನುವ ದೂರು ಈ ವಿಮರ್ಶೆಯಲ್ಲಿ ಅತಿ ಸಾಮಾನ್ಯ, ಅತಿ ಅಪಾಯಕಾರಿ ಕೂಡ. ನಿಜವಾಗಿಯೂ ಕೆಟ್ಟ ಕಂತುಗಳಿವೆ. 1979ರ ‘ಗುಂಡಮ್’ ಸರಣಿಯ 15ನೆಯ ಕಂತಿನಲ್ಲಿ ಯಂತ್ರಮಾನವರ ಆಕಾರವೇ ಸೊಟ್ಟಗಾಗಿತ್ತು. ನಿರ್ದೇಶಕ ಯೊಶಿಯುಕಿ ತೊಮಿನೊ ಅವರ ಇಚ್ಛೆಯಂತೆ ಇಂಗ್ಲಿಷ್ ಆವೃತ್ತಿಯಿಂದ ಅದನ್ನು ಕೈಬಿಟ್ಟರು. ಆದರೆ ಆ ಕಂತಿನ ಕಥೆ, ಯುದ್ಧ ಬಿಟ್ಟು ಓಡಿಬಂದ ಸೈನಿಕನೊಬ್ಬ ದ್ವೀಪದಲ್ಲಿ ಅನಾಥ ಮಕ್ಕಳನ್ನು ಸಾಕುವ ಕಥೆ, ಗಟ್ಟಿಯಾಗಿತ್ತು. ಮೂಲ ಸರಣಿಯ ಪಾತ್ರವಿನ್ಯಾಸಕ ಯೊಶಿಕಾಝು ಯಾಸುಹಿಕೊ ಅವರೇ 2022ರಲ್ಲಿ ಅದನ್ನು ಪೂರ್ಣ ಪ್ರಮಾಣದ ಸಿನಿಮಾ ಮಾಡಿದರು. ಗೆರೆ ನೋಡಿ ಕಂತನ್ನೇ ತಳ್ಳಿಹಾಕಿದವರು ಕಥೆಯನ್ನೂ ಜೊತೆಗೆ ತಳ್ಳಿಹಾಕಿದ್ದರು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಚಿತ್ರ ಅಲುಗಾಡದೆ ನಿಂತಾಗ ಏಳುತ್ತದೆ. ಹಿದೆಆಕಿ ಆನ್ನೊ ನಿರ್ದೇಶನದ ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ 26 ಕಂತುಗಳಲ್ಲಿ ಬಂತು. 24ನೆಯ ಕಂತಿನ ಕೊನೆಯಲ್ಲಿ ದೈತ್ಯ ಯಂತ್ರದ ಮುಷ್ಟಿಯಲ್ಲಿ ಕಾವೊರು ಎಂಬ ಹುಡುಗನಿದ್ದಾನೆ. ಯಂತ್ರ ನಡೆಸುತ್ತಿರುವ ಶಿಂಜಿ ತನ್ನನ್ನು ಪ್ರೀತಿಯಿಂದ ಕಂಡ ಈ ಗೆಳೆಯನನ್ನೇ ಕೊಲ್ಲಬೇಕು. ಆ ಒಂದೇ ಚಿತ್ರ ಸುಮಾರು ಒಂದು ನಿಮಿಷ ಪರದೆಯ ಮೇಲೆ ಹಾಗೆಯೇ ನಿಲ್ಲುತ್ತದೆ. ಹಿನ್ನೆಲೆಯಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿ ಮಾತ್ರ ಸಾಗುತ್ತದೆ. ದುಡ್ಡು, ಸಮಯ ಎರಡೂ ಮುಗಿದಿತ್ತು ಎನ್ನುವವರು ಒಂದು ಕಡೆ, ಇದೇ ಕಲೆ ಎನ್ನುವವರು ಇನ್ನೊಂದು ಕಡೆ. ಎರಡೂ ಒಟ್ಟಿಗೆ ನಿಜವಾಗಿರಬಾರದೆಂದೇನಿಲ್ಲ. ವಿಮರ್ಶಕರು ಕೇಳಬೇಕಾದದ್ದು ಆ ನಿಶ್ಚಲತೆ ದೃಶ್ಯದಲ್ಲಿ ಏನು ಮಾಡುತ್ತದೆ ಎಂದು. ಇಲ್ಲಿ ಅದು ಶಿಂಜಿಯ ಹಿಂಜರಿಕೆಯನ್ನು ನೋಡುವವರ ಮೇಲೂ ಹೇರುತ್ತದೆ. ಇದೇ ಸರಣಿಯ ಕೊನೆಯ ಎರಡು ಕಂತುಗಳು ಯುದ್ಧದ ಕಥೆಯನ್ನು ಬಿಟ್ಟು, ಪೆನ್ಸಿಲ್ ಗೀಟು, ಛಾಯಾಚಿತ್ರ, ಬರಹದ ಫಲಕಗಳ ಮೂಲಕ ಪಾತ್ರಗಳ ಮನಸ್ಸಿಗೆ ಇಳಿದವು. ಹಲವು ಪ್ರೇಕ್ಷಕರು ಸಿಟ್ಟಿಗೆದ್ದರು. 1997ರ ಸಿನಿಮಾ ಬೇರೊಂದು ಮುಕ್ತಾಯ ಕೊಟ್ಟಿತು.

ಕಂತುವಾರು ವಿಮರ್ಶೆಯ ನಿಜವಾದ ಕಷ್ಟ ಮುಂದೇನೆಂದು ತಿಳಿಯದಿರುವುದು. ಮೂರು ಕಂತು ನೋಡಿದ ಮೇಲೆಯೇ ಹಿಡಿಯುವುದೋ ಬಿಡುವುದೋ ತೀರ್ಮಾನಿಸಬೇಕೆಂಬ ಮಾತು ಅಭಿಮಾನಿಗಳಲ್ಲಿ ರೂಢಿಯಲ್ಲಿದೆ. ಈ ಮಾತಿಗೆ ಸಾಕ್ಷಿಯಾಗಿ ಮತ್ತೆ ಮತ್ತೆ ಹೆಸರಾಗುವುದು 2011ರ ಜನವರಿಯಲ್ಲಿ ಶುರುವಾದ ‘ಮಹೋ ಶೋಜೊ ಮಾದೊಕಾ ಮಾಗಿಕಾ’. ಅಕಿಯುಕಿ ಶಿನ್ಬೊ ನಿರ್ದೇಶನ, ಗೆನ್ ಉರೊಬುಚಿ ಬರವಣಿಗೆ. ಗುಂಡು ಮುಖದ ಮುದ್ದು ಹುಡುಗಿಯರು, ಮಾಯಾಶಕ್ತಿ, ಬಣ್ಣದ ಉಡುಪು: ಎರಡು ಕಂತಿನವರೆಗೆ ಮಕ್ಕಳ ಕಾರ್ಯಕ್ರಮದ ಚಹರೆ. ಮೂರನೆಯದರಲ್ಲಿ ಎಲ್ಲರಿಗೂ ಅಕ್ಕನಂತಿದ್ದ ಮಾಮಿ ಕ್ಷಣಾರ್ಧದಲ್ಲಿ ಸಾಯುತ್ತಾಳೆ. ಎರಡನೇ ಕಂತಿಗೇ ‘ಮಾಮೂಲಿ ಸರಕು’ ಎಂದು ಬರೆದವರು ಪೆಚ್ಚಾದರು. ಆದರೆ ಜಾಣ ಕಣ್ಣುಗಳಿಗೆ ಸುಳಿವು ಮೊದಲೇ ಸಿಕ್ಕಿತ್ತು. ಈ ಹುಡುಗಿಯರು ಎದುರಿಸುವ ಮಾಟಗಾತಿಯರ ಲೋಕವನ್ನು ಕಾಗದ ಕತ್ತರಿಸಿ ಅಂಟಿಸಿದಂಥ ವಿಕಾರ ಚಿತ್ರಗಳಲ್ಲಿ ತೋರಿಸಿದ್ದು ಆ ಮುದ್ದು ಮುಖಗಳಿಗೆ ಹೊಂದುತ್ತಲೇ ಇರಲಿಲ್ಲ. ಹತ್ತನೆಯ ಕಂತು ಇನ್ನೂ ಸ್ವಾರಸ್ಯದ್ದು. ಹೊಮುರಾ ಎಂಬ ಹುಡುಗಿ ಗೆಳತಿ ಮಾದೊಕಾಳನ್ನು ಉಳಿಸಲು ಕಾಲವನ್ನು ಹಿಂದಕ್ಕೆ ತಿರುಗಿಸುತ್ತಲೇ ಬಂದಿದ್ದಾಳೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಪ್ರತಿ ವಾರ ಮೊದಲಿಗೆ ಬರುತ್ತಿದ್ದ ಆರಂಭಗೀತೆ ಆ ಕಂತಿನ ಕೊನೆಯಲ್ಲಿ ಬರುತ್ತದೆ. ಮಾದೊಕಾಳ ಹಾಡೆಂದು ಕೇಳುತ್ತಿದ್ದದ್ದು ಹೊಮುರಾಳ ಪ್ರತಿಜ್ಞೆಯಂತೆ ಕೇಳಿಸತೊಡಗುತ್ತದೆ. ಆರಂಭಗೀತೆಯನ್ನು ದಾಟಿಸಿ ನೋಡಿದವರಿಗೆ ಈ ತಿರುವು ದಕ್ಕುವುದೇ ಇಲ್ಲ. ಆ ಮೇಲೆ ಮಾರ್ಚ್ 11ರ ಭೂಕಂಪ, ಸುನಾಮಿ. ಉಳಿದ ಎರಡು ಕಂತುಗಳು ಏಪ್ರಿಲ್‌ಗೆ ಹೋದವು. ಅಷ್ಟು ವಾರ ಅಭಿಮಾನಿಗಳು ಊಹೆಯಲ್ಲೇ ಕಾಲ ಕಳೆದರು.

ಕಾಯುವಿಕೆಯನ್ನೇ ಬಂಡವಾಳ ಮಾಡಿಕೊಂಡ ಉದಾಹರಣೆಯೂ ಇದೆ. ಕ್ಯೋಟೊ ಅನಿಮೇಶನ್ ಸ್ಟುಡಿಯೋದ ‘ಸುಝುಮಿಯಾ ಹಾರುಹಿ’ 2006ರಲ್ಲಿ ಬಂದಾಗ ಹದಿನಾಲ್ಕು ಕಂತುಗಳನ್ನು ಕಥೆಯ ಕ್ರಮ ತಪ್ಪಿಸಿ ತೋರಿಸಿದ್ದರು. 2009ರಲ್ಲಿ ಹೊಸ ಕಂತುಗಳು ಸೇರಿದಾಗ ಇನ್ನೂ ವಿಚಿತ್ರ ನಡೆಯಿತು. ಬೇಸಿಗೆ ರಜೆಯ ಕೊನೆಯ ಎರಡು ವಾರ ಮರಳಿ ಮರಳಿ ಬರುವ ಕಥೆಯನ್ನು ಎಂಟು ಕಂತು, ಅಂದರೆ ಎಂಟು ವಾರ, ಹೆಚ್ಚುಕಡಿಮೆ ಅದೇ ಮಾತುಗಳೊಂದಿಗೆ ತೋರಿಸಿದರು. ಹಳೆಯ ಚಿತ್ರ ಮತ್ತೆ ಹಾಕಲಿಲ್ಲ. ಪ್ರತಿ ಸಲ ಉಡುಪು ಬೇರೆ, ಕ್ಯಾಮೆರಾ ಕೋನ ಬೇರೆ, ಧ್ವನಿಮುದ್ರಣವೂ ಹೊಸದು. ನೋಡುವವರ ತಾಳ್ಮೆ ಹರಿಯಿತು. ಕಥೆಯಲ್ಲಿ ಈ ಆವರ್ತನೆ ಹದಿನೈದು ಸಾವಿರಕ್ಕೂ ಹೆಚ್ಚು ಬಾರಿ ನಡೆದಿದೆ, ಅಷ್ಟನ್ನೂ ನೆನಪಿಟ್ಟುಕೊಂಡವಳು ನಾಗಾತೊ ಯೂಕಿ ಎಂಬ ಹುಡುಗಿ ಒಬ್ಬಳೇ. ಅವಳ ಬೇಸರ ಎಂಥದೆಂದು ವಾರವಾರ ನೋಡಿದವರಿಗೆ ಮೈಗೆ ಹತ್ತಿತು. ಒಂದೇ ಮಧ್ಯಾಹ್ನ ಎಂಟನ್ನೂ ಓಡಿಸಿ ನೋಡಿದವರಿಗೆ ಅದು ಬರೀ ವಿಚಿತ್ರ ಪ್ರಯೋಗ. ಎಂಟು ವಾರದ ಬೆಲೆ ತೆರುವಷ್ಟು ದೊಡ್ಡ ಅನುಭವವೇ ಅದು ಎಂಬುದು ಬೇರೆ ಮಾತು; ಮೂರು ಕಂತು ಸಾಕಿತ್ತು.

ಮಾಂಗಾ ಆಧರಿಸಿದ ದೀರ್ಘ ಸರಣಿಗಳಲ್ಲಿ ವೇಗದ ಸಮಸ್ಯೆ ಬೇರೆ ಬಗೆಯದು. ಮೂಲ ಮಾಂಗಾ ಇನ್ನೂ ವಾರಪತ್ರಿಕೆಯಲ್ಲಿ ನಡೆಯುತ್ತಿರುತ್ತದೆ. ಟಿವಿ ಅದನ್ನು ಹಿಂದಿಕ್ಕುವ ಹಾಗಿಲ್ಲ. ಆಗ ಎಳೆಯುವುದೊಂದೇ ದಾರಿ. ‘ಡ್ರ್ಯಾಗನ್ ಬಾಲ್ ಝಡ್’ನಲ್ಲಿ ಐದು ನಿಮಿಷಕ್ಕೆ ಗ್ರಹ ಸಿಡಿಯುತ್ತದೆ ಎಂದು ಖಳನಾಯಕ ಫ್ರೀಝಾ ಹೇಳಿದ ಮೇಲೆ ಆ ಐದು ನಿಮಿಷ ಹಲವು ಕಂತುಗಳಷ್ಟು ಬೆಳೆದದ್ದು ಇಂದಿಗೂ ನಗೆಚಾಟಿಕೆಯ ವಸ್ತು. ಇದಕ್ಕೆ ತದ್ವಿರುದ್ಧವಾಗಿ ‘ಫ್ರೀರೆನ್’ ಸರಣಿಯ ಮೊದಲ ನಾಲ್ಕು ಕಂತುಗಳನ್ನು 2023ರ ಸೆಪ್ಟೆಂಬರ್ 29ರಂದು ಒಂದೇ ರಾತ್ರಿ ಸಿನಿಮಾದಂತೆ ತೋರಿಸಿದರು. ಮೊದಲ ಕಂತಿನಲ್ಲೇ ಐವತ್ತು ವರ್ಷ ಉರುಳಿ ವೀರನಾಯಕ ಮುದುಕನಾಗಿ ಸಾಯುವ ನಿಧಾನ ಕಥೆ ಅದು. ಒಂದೇ ಕಂತು ತೋರಿಸಿ ಬಿಟ್ಟಿದ್ದರೆ ಎಷ್ಟು ಜನ ಮರಳಿ ಬರುತ್ತಿದ್ದರೋ.

ಬರೆಯಲು ಹೊರಟವರು ಕಂತನ್ನು ಎರಡು ಸಲ ನೋಡುವುದು ಒಳ್ಳೆಯದು. ಮೊದಲ ಸಲ ಕಥೆಯ ಜೊತೆ ಹೋಗಲು, ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ನೋಡಲು. ಮಾತಾಡುತ್ತಿರುವವರ ಮುಖದ ಬದಲು ಕ್ಯಾಮೆರಾ ಕಾಲನ್ನೋ ಕಿಟಕಿಯನ್ನೋ ತೋರಿಸಿದ್ದು ಬಾಯಿ ಕದಲಿಸುವ ಖರ್ಚು ಉಳಿಸಲೋ, ಪಾತ್ರದ ಸಂಕೋಚ ತೋರಿಸಲೋ ಎಂಬಂಥ ಪ್ರಶ್ನೆಗಳು ಎರಡನೆಯ ನೋಟದಲ್ಲೇ ಹುಟ್ಟುವುದು. ಕಥಾಸಾರ ಎರಡು ಮೂರು ವಾಕ್ಯಕ್ಕೆ ಮೀರಿದರೆ ಅದು ವಿಮರ್ಶೆಯಲ್ಲ, ವರದಿ. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಸುಲಭ, ಆದರೆ ಆರನೆಯ ಕಂತಿನ ಏಳೂವರೆಯಿಂದ ಏನೂ ತಿಳಿಯುವುದಿಲ್ಲ. ಮಾಂಗಾ ಮೊದಲೇ ಓದಿದವರು ಮುಂದಿನದನ್ನು ಬಾಯಿ ಬಿಡದಿರುವುದು ಕನಿಷ್ಠ ಮರ್ಯಾದೆ. ತನ್ನ ಹಿಂದಿನ ವಾರದ ಊಹೆ ತಪ್ಪಿದ್ದರೆ ಅದನ್ನು ಅಳಿಸದೆ ಹಾಗೆಯೇ ಬಿಡುವ ವಿಮರ್ಶಕರನ್ನು ಓದುಗರು ಹೆಚ್ಚು ನಂಬುತ್ತಾರೆ.

ಯಾವ ಆವೃತ್ತಿ ನೋಡಿದ್ದು ಎಂಬುದನ್ನೂ ಹೇಳಬೇಕಾಗುತ್ತದೆ. ಗಡುವಿಗೆ ಸಿಕ್ಕಿ ಅರೆಬರೆಯಾಗಿ ಪ್ರಸಾರವಾದ ಚಿತ್ರಗಳನ್ನು ಡಿಸ್ಕ್ ಹೊರತರುವಾಗ ತಿದ್ದುವ ಪರಿಪಾಠವಿದೆ. ಮಾದೊಕಾದಲ್ಲಿ ಹೀಗೆ ತಿದ್ದಿದ ಶಾಟ್‌ಗಳು ಬೇಕಾದಷ್ಟಿವೆ. ಇವಾಂಗೆಲಿಯನ್‌ನ 21ರಿಂದ 24ರವರೆಗಿನ ಕಂತುಗಳಿಗಂತೂ ಪ್ರಸಾರದ ರೂಪ, ದೃಶ್ಯಗಳು ಸೇರಿದ ಇನ್ನೊಂದು ರೂಪ ಎರಡೂ ಇವೆ. ಭಾಷೆಯದು ಇನ್ನೊಂದು ಲೆಕ್ಕ. ಕ್ರಂಚಿರೋಲ್‌ನಂಥ ಒಟಿಟಿ ವೇದಿಕೆ ಭಾರತದಲ್ಲಿ ಹಲವು ಸರಣಿಗಳನ್ನು ಹಿಂದಿ, ತಮಿಳು, ತೆಲುಗು ಡಬ್ಬಿಂಗ್‌ನೊಂದಿಗೆ ಕೊಡುತ್ತದೆ. ಆ ಸರಣಿಗಳನ್ನು ಕನ್ನಡದವರು ಈ ಭಾಷೆಗಳಲ್ಲೋ, ಇಂಗ್ಲಿಷ್ ಸಬ್‌ಟೈಟಲ್ ಓದುತ್ತ ಜಪಾನಿ ಭಾಷೆಯಲ್ಲೋ ನೋಡುತ್ತಾರೆ. ಡಬ್ಬಿಂಗ್ ಕೇಳಿದವರು ಮೂಲ ಧ್ವನಿನಟರ ಅಭಿನಯದ ಬಗ್ಗೆ ತೀರ್ಪು ಕೊಡುವಂತಿಲ್ಲ. ಸಬ್‌ಟೈಟಲ್ ಓದುವವರ ಕಣ್ಣು ಪರದೆಯ ತಳದಲ್ಲೇ ಇರುವುದರಿಂದ ಮೇಲಿನ ಚಿತ್ರ ಅರ್ಧ ತಪ್ಪಿಹೋಗುತ್ತದೆ. ಎರಡನೆಯ ಸಲ ನೋಡುವಾಗ ಸಬ್‌ಟೈಟಲ್ ಇಲ್ಲದೆ ನೋಡುವುದು ಅದಕ್ಕೆ ಸುಲಭದ ಪರಿಹಾರ. ಅಷ್ಟು ಹೊತ್ತಿಗೆ ಮಾತಿನ ಅರ್ಥ ಗೊತ್ತಾಗಿರುತ್ತದೆ, ಕಣ್ಣಿಗೆ ಬಿಡುವು ಸಿಕ್ಕಿರುತ್ತದೆ.