ಬ್ಯಾಟರಿ ಕೈಕೊಡುವ ಮುನ್ನ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೊರಟವರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಹುಲಿ ಸಂರಕ್ಷಿತ ಕಾಡಿನ ನಡುವಿನ ದಾರಿ ಅದು. ಆನೆ ಯಾವಾಗ ಅಡ್ಡ ಬಂದೀತೋ ತಿಳಿಯದು. 2022ರಿಂದ ರಾತ್ರಿ ಸಂಚಾರಕ್ಕೂ ನಿರ್ಬಂಧವಿದೆ. ಅಲ್ಲಿ ಗಾಡಿ ಕೆಟ್ಟು ನಿಂತರೆ ಇಳಿದು ತಳ್ಳುವುದೂ ಅಪಾಯ. ಹಾಗಾಗಿ ಬ್ಯಾಟರಿಯ ಬಲಾಬಲವನ್ನು ಮನೆಯಂಗಳದಲ್ಲೇ ತಿಳಿದುಕೊಳ್ಳಬೇಕು.

ಮೊದಲ ಸೂಚನೆ ಬೆಳಗಿನ ಸೆಲ್ಫ್

"ಲೈಟ್ ಉರಿಯುತ್ತದೆ, ಹಾರ್ನ್ ಹೊಡೆಯುತ್ತದೆ, ಬ್ಯಾಟರಿಗೇನಾಗಿದೆ?" ಎನ್ನುವವರು ಬಹಳ. ಹೆಡ್‌ಲೈಟಿನ ಒಂದು ಸಾಧಾರಣ ಬಲ್ಬಿಗೆ ಬೇಕಾದದ್ದು ಸುಮಾರು 5 ಆಂಪಿಯರ್. ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರಿಗೆ ನೂರಕ್ಕೂ ಹೆಚ್ಚು ಬೇಕು. ಡೀಸೆಲ್ ಗಾಡಿಗೆ ಇನ್ನೂ ಹೆಚ್ಚು. ಬಲಗುಂದಿದ ಬ್ಯಾಟರಿ ಮೊದಲು ಸೋಲುವುದು ಸೆಲ್ಫ್‌ಗೇ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ. ಹೀಗಾಗಿ ಹಿಂದಿನ ಸಂಜೆ ಸರಿಯಿದ್ದ ಗಾಡಿ ಬೆಳಿಗ್ಗೆ ಎಳೆದೆಳೆದು ತಿರುಗುತ್ತದೆ, ಇಲ್ಲವೇ ಟಕ್ ಟಕ್ ಎಂದು ಸುಮ್ಮನಾಗುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಹೆಡ್‌ಲೈಟ್ ಹಾಕಿ, ಬೇರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಪಕ್ಕದಲ್ಲಿ ನಿಂತು ಬೆಳಕು ನೋಡಿ. ತುಸು ಕುಗ್ಗುವುದು ಸಹಜ. ತೀರಾ ಮಂಕಾದರೆ ಬ್ಯಾಟರಿ ವೀಕ್ ಆಗಿರಬಹುದು, ಟರ್ಮಿನಲ್ ಸಡಿಲವಿರಬಹುದು. ಬೆಳಕು ಕುಗ್ಗದೆ, ಸೆಲ್ಫ್ ಸದ್ದೂ ಇಲ್ಲದಿದ್ದರೆ ದೋಷವನ್ನು ಸೆಲ್ಫ್‌ನಲ್ಲಿ ಅಥವಾ ಅದರ ವೈರಿನಲ್ಲಿ ಹುಡುಕಬೇಕು.

ಬಾನೆಟ್ ಎತ್ತಿದಾಗ

ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಶುಚಿ ಮಾಡಲು ಬಿಚ್ಚುವಾಗ ನೆಗೆಟಿವ್ ತಂತಿಯನ್ನು ಮೊದಲು ತೆಗೆದು, ಕೊನೆಯಲ್ಲಿ ಜೋಡಿಸಿ. ಡಬ್ಬಿಯ ಪಕ್ಕ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ. ಬ್ಯಾಟರಿಯಿಂದ ಹೊರಬರುವ ಜಲಜನಕ ಕಿಡಿ ತಗುಲಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಒಳಗಿನ ಪ್ಲೇಟುಗಳನ್ನು ಹಾಳುಮಾಡುತ್ತದೆ.

ಮೀಟರ್ ಹಿಡಿದಾಗ

ಕಾರಿನ 12 ವೋಲ್ಟ್ ಬ್ಯಾಟರಿಯೊಳಗೆ ಆರು ಸೆಲ್‌ಗಳಿವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆ ಎಂದರೆ ಬಹುತೇಕ ಬರಿದು. ಬರಿದಾಗಿಯೇ ಉಳಿದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ವಾರಗಟ್ಟಲೆ ನಿಂತ ಗಾಡಿ, ಮನೆಯಿಂದ ಸಂತೆಗಷ್ಟೇ ಓಡುವ ಗಾಡಿ ಎರಡಕ್ಕೂ ಇದೇ ಗತಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಏರದೆ ಹೋದರೆ ಡೈನಮೋ ತೋರಿಸಿ. ಅದನ್ನು ಬಿಟ್ಟು ಹೊಸ ಬ್ಯಾಟರಿ ಹಾಕಿದರೆ ಅದೂ ಬರಿದಾಗುತ್ತದೆ.

ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಮೂರು ದಾಟಿದ ಮೇಲೆ ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಘಾಟಿ ಇಳಿಯುವ ಮುನ್ನ ಲೋಡ್ ಟೆಸ್ಟ್ ಮಾಡಿಸಿ. ಹಳೆಯದನ್ನು ಅಂಗಡಿಗೇ ಒಪ್ಪಿಸಿ. ಅದರ ಸೀಸ, ಆಸಿಡ್ ನಮ್ಮ ಹೊಲದ ಮಣ್ಣಿಗೆ, ಬಾವಿಗೆ ಸೇರಬಾರದು.