ಕಿರುದಾರಿಯ ಸರಕು ರೈಲು

ರೈಲುದಾರಿಯೆಂದೊಡನೆ ಸಾವಿರಾರು ಮೈಲಿ ಹಬ್ಬಿದ ಹಳಿಗಳ ಜಾಲವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಸ್ಟ್ರಾಸ್‌ಬರ್ಗ್ ರೈಲುದಾರಿಯ ಉದ್ದವೆಲ್ಲ ಸೇರಿ ನಾಲ್ಕೂವರೆ ಮೈಲಿ ಮಾತ್ರ! 1832ರಲ್ಲಿ ಸನದು ಪಡೆದ ಈ ಕಂಪನಿಯು ಪ್ರವಾಸಿಗಳೊಡನೆ ಸರಕನ್ನೂ ಇಂದಿಗೂ ಸಾಗಿಸುತ್ತಿದೆ. ಇದಕ್ಕಿಂತ ಉದ್ದವಾದುವೂ ಸೇರಿ, ಆ ದೇಶದಲ್ಲಿ ಸಣ್ಣ ರೈಲ್ವೆ ಕಂಪನಿಗಳು ಸುಮಾರು 600 ಇವೆ. ದೊಡ್ಡ ಕಂಪನಿಗಳು ಲಾಭವಿಲ್ಲವೆಂದು ಬಿಡಬಯಸಿದ ಕವಲುದಾರಿಗಳನ್ನು ಮಾರುವುದು 1980ರ ಕಾಯಿದೆಯಿಂದ ಸುಲಭವಾಯಿತು. ಇವುಗಳಲ್ಲಿ ಹಲವು ಹುಟ್ಟಿದ್ದು ಆ ಬಳಿಕವೇ. ದೊಡ್ಡವರಿಗೆ ಗಿಟ್ಟದ ದಾರಿಯಲ್ಲಿ ಸಣ್ಣವರು ಬದುಕುವುದು ಹೇಗೆ? ಅವರ ಒಂದು ದಿನದ ಕೆಲಸವನ್ನು ನೋಡೋಣ.

ಜಂಕ್ಷನ್ನಿನಲ್ಲಿ ದೊಡ್ಡ ಕಂಪನಿಯ ರೈಲು ವ್ಯಾಗನುಗಳನ್ನು ಬಿಟ್ಟುಹೋಗುತ್ತದೆ. ಕಿರುದಾರಿಯ ಎಂಜಿನು ಅವನ್ನು ಕೂಡಿಸಿಕೊಂಡು, ಬ್ರೇಕುಗಳ ಪರೀಕ್ಷೆ ಮುಗಿದ ಮೇಲೆ, ಗಿರಣಿ ಉಗ್ರಾಣಗಳ ಪಕ್ಕದ ಸೈಡಿಂಗುಗಳಿಗೆ ಮುಟ್ಟಿಸಬೇಕು. ಇಲ್ಲೊಂದು ತೊಡಕುಂಟು. ಮುಂದೆ ಎಂಜಿನು, ಹಿಂದೆ ವ್ಯಾಗನುಗಳು. ಸೈಡಿಂಗು ರೈಲಿನ ಹಿಂಬದಿಗೆ ಕವಲೊಡೆದಿದ್ದರೆ, ಎಂಜಿನು ಕವಲನ್ನು ದಾಟಿ ನಿಂತು, ವ್ಯಾಗನನ್ನು ಹಿಂದಕ್ಕೆ ತಳ್ಳಿದರಾಯಿತು. ಮುಂಬದಿಗೆ ಕವಲೊಡೆದಿದ್ದರೆ ಮೊದಲು ಒಳಹೊಗುವುದು ಎಂಜಿನೇ; ಹಿಂದಿನ ವ್ಯಾಗನು ಅದರ ದಾರಿಯನ್ನು ಕಟ್ಟಿಬಿಡುತ್ತದೆ. ಎಂಜಿನು ವ್ಯಾಗನನ್ನು ಹಾರಿ ಬರಲಾರದಷ್ಟೆ!

ಆದುದರಿಂದ ಅಂತಹ ವ್ಯಾಗನುಗಳನ್ನು ದಾರಿಯ ಕೊನೆಯವರೆಗೂ ಒಯ್ಯುವುದುಂಟು. ಅಲ್ಲಿ ಎಂಜಿನನ್ನು ಕಳಚಿ, ಪಕ್ಕದ ಲೂಪ್ ಹಳಿಯ ಮೇಲೆ ಸುತ್ತಿಸಿ, ಸಾಲಿನ ಇನ್ನೊಂದು ತುದಿಗೆ ಜೋಡಿಸುವರು. ಹೋಗುವಾಗ ಮುಂದಕ್ಕಿದ್ದ ಕವಲು ಮರಳುವಾಗ ಹಿಂದಕ್ಕಾಗುತ್ತದೆ. ತಳ್ಳುವ ಕೆಲಸ ಸಲೀಸಾಗುತ್ತದೆ. ಯಾವ ವ್ಯಾಗನು ಎಷ್ಟನೆಯದಾಗಿರಬೇಕೆಂಬುದನ್ನು ಹೊರಡುವ ಮೊದಲೇ ಯೋಚಿಸಿಡಬೇಕು. ವ್ಯಾಗನುಗಳು ಬಹುಮಟ್ಟಿಗೆ ಪರರವು. ಅವುಗಳ ಬಾಡಿಗೆಯು ಹೊತ್ತಿನ ಲೆಕ್ಕದಲ್ಲಿ ಏರುತ್ತದೆ. ಜೋಡಣೆಯ ಕ್ರಮ ತಪ್ಪಿದರೆ ಹೊತ್ತೂ ಹಣವೂ ನಷ್ಟ.

ಜಾಣ್ಮೆಯೊಂದೇ ಸಾಲದು, ಹಳಿಯೂ ತಾಳಬೇಕು. ತುಂಬಿದ ವ್ಯಾಗನಿನ ಸಾಮಾನ್ಯ ಮಿತಿ ಹಿಂದೆ 2,63,000 ಪೌಂಡು ಇತ್ತು. 1990ರ ದಶಕದಿಂದ ಈಚೆಗೆ ಅದು 2,86,000 ಪೌಂಡಿಗೆ, ಎಂದರೆ ಸುಮಾರು 130 ಟನ್ನಿಗೆ ಏರಿದೆ. ಎಂಟು ಚಕ್ರಗಳಲ್ಲಿ ಒಂದೊಂದೂ ಹಳಿಯನ್ನು 16 ಟನ್ನಿನಷ್ಟು ಭಾರದಿಂದ ಒತ್ತುತ್ತದೆ. ದಾರಿಯಲ್ಲಿ ಒಂದೇ ಒಂದು ಹಳೆಯ ಸೇತುವೆ ಇದನ್ನು ತಾಳದಿದ್ದರೆ, ಅದರಾಚೆಯ ಗಿರಣಿಗಳು ವ್ಯಾಗನನ್ನು ಪೂರ್ತಿ ತುಂಬದೆ ಕಳುಹಬೇಕು, ಇಲ್ಲವೆ ಲಾರಿಯನ್ನು ಹಿಡಿಯಬೇಕು. ಗಿರಾಕಿ ಲಾರಿಗೆ ಹೋದರೆ ದುರಸ್ತಿಗೆ ಹಣವಿಲ್ಲ. ದುರಸ್ತಿಯಾಗದೆ ಗಿರಾಕಿ ಮರಳಲಾರನು. ಕಿರುದಾರಿಯ ಆಯುಸ್ಸನ್ನು ನಾವು ಅದರ ಮೈಲಿಗಳಿಂದಲ್ಲ, ಅದರ ಸೇತುವೆಗಳಿಂದ ಅಳೆಯಬೇಕು.